ಮಕ್ಕಳ ಹೆಸರಿನಲ್ಲಿ ಬರುವ ಮಾತು
(ದಾಂಡೇಲಿಯಲ್ಲಿ ನೀಡಿದ ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಹಾಗೂ ಸಂಗಾತಿಗಳ ಮೇಲೆ ಶಾಂತಿ ಇರಲಿ.



ಪವಿತ್ರ ಕುರ್‌ಆನಿನ ಸೂರಃ ಯೂಸುಫ್ ಅನ್ನು ನಾವೆಲ್ಲ ಎಷ್ಟೋ ಸಲ ಓದಿದ್ದೇವೆ. ಆ ಕಥೆಯ ಮೊದಲ ಅನ್ಯಾಯ ಶುರುವಾಗುವುದು ಸಿಹಿಮಾತಿನಿಂದ. ಅಣ್ಣಂದಿರು ತಂದೆ ಯಾಕೂಬ್(ಅ)ರ ಬಳಿ ಬರುತ್ತಾರೆ. ಯೂಸುಫನನ್ನು ನಮ್ಮೊಡನೆ ಕಳಿಸಿ, ಆಡಿಕೊಂಡು ಉಂಡುಕೊಂಡು ಇರಲಿ, ನಾವು ಕಾಯುತ್ತೇವೆ ಎನ್ನುತ್ತಾರೆ. ತೋಳ ತಿಂದೀತೆಂಬ ಹೆದರಿಕೆಯನ್ನು ತಂದೆ ಬಾಯಿಬಿಟ್ಟು ಹೇಳುತ್ತಾರೆ. ರಾತ್ರಿ ಮಕ್ಕಳು ಅಳುತ್ತ ಬಂದು ಹೇಳಿದ್ದೂ ಅದೇ ತೋಳದ ಕಥೆ.

ಗಮನಿಸಿ. ಅವರು ಹೊಸ ಸುಳ್ಳು ಹುಡುಕಬೇಕಾಗಲಿಲ್ಲ. ತಂದೆಯ ಎದೆಯಲ್ಲಿದ್ದ ಭಯವನ್ನೇ ಎತ್ತಿಕೊಂಡು ಅವರಿಗೇ ಮರಳಿಸಿದರು. ಮಗುವನ್ನು ಕಾಯುತ್ತೇವೆಂಬ ಮಾತು ಬಂದಾಗ ಯಾವ ತಂದೆತಾಯಿಯ ವಿವೇಕವೂ ಅರೆಗಳಿಗೆ ನಿಂತುಬಿಡುತ್ತದೆ. ಬೇಡ ಎಂದವನು ಮಗುವಿನ ವೈರಿಯಂತೆ ಕಾಣುತ್ತಾನೆ. ಅದಕ್ಕೇ ಈ ಮಾತಿಗೆ ಅಷ್ಟು ಬಲ.

2018ರಲ್ಲಿ ಈ ಬಲ ಏನು ಮಾಡಿತೆಂದು ನಮ್ಮ ರಾಜ್ಯ ನೋಡಿತು. ಮಕ್ಕಳ ಕಳ್ಳರು ಬಂದಿದ್ದಾರೆ, ನಿಮ್ಮ ಮಕ್ಕಳನ್ನು ಕಾಪಾಡಿಕೊಳ್ಳಿ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಊರಿಂದೂರಿಗೆ ಹರಿಯಿತು. ಜೊತೆಗೊಂದು ವಿಡಿಯೊ: ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವುದು. ಅದು ಮಕ್ಕಳ ಸುರಕ್ಷತೆಯ ಬಗ್ಗೆ ಜಾಗೃತಿ ಮೂಡಿಸಲು ಕರಾಚಿಯಲ್ಲಿ ತಯಾರಾದ ಚಿತ್ರ. ಅದರ ಕೊನೆಯಲ್ಲಿ ಮಗುವನ್ನು ವಾಪಸು ಬಿಡುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದರು. ಮಕ್ಕಳನ್ನು ಉಳಿಸಲು ಮಾಡಿದ ಚಿತ್ರವೇ ಮನುಷ್ಯರನ್ನು ಕೊಲ್ಲಿಸಿತು.

ಆ ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಒಬ್ಬ ಯುವಕನನ್ನು ಜನ ಹೊಡೆದು ಕೊಂದರು. ಜುಲೈ 13, ಅಂದು ಶುಕ್ರವಾರ. ಬೀದರ್ ಜಿಲ್ಲೆಯ ಔರಾದ್ ತಾಲೂಕಿಗೆ ಹೈದರಾಬಾದಿನಿಂದ ಗೆಳೆಯರು ಕಾರಿನಲ್ಲಿ ಬಂದಿದ್ದರು. ದಾರಿಯಲ್ಲಿ ಕಂಡ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅಷ್ಟೇ ಅವರ ತಪ್ಪು. ಅಲ್ಲಿಂದ ತಪ್ಪಿಸಿಕೊಂಡು ಹೊರಟರೂ ಸಂದೇಶ ಅವರಿಗಿಂತ ಮುಂಚೆ ಮುರ್ಕಿ ಗ್ರಾಮಕ್ಕೆ ಮುಟ್ಟಿತ್ತು. ರಸ್ತೆಗೆ ಅಡ್ಡಗಟ್ಟಿದ್ದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಪ್ರಾಣ ಬಿಟ್ಟರು. ಬಿಡಿಸಲು ಹೋದ ಪೊಲೀಸರಿಗೂ ಏಟು ಬಿತ್ತು. ಹೊಡೆದವರು ವೃತ್ತಿಯ ಕೊಲೆಗಾರರಲ್ಲ. ತಮ್ಮ ಮಕ್ಕಳನ್ನು ಕಾಯುತ್ತಿದ್ದೇವೆಂದು ನಂಬಿದ್ದ ಜನ. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವ ಮಿತಿ ಹೇರಿತು. ನಾಲಿಗೆಗೆ ಆ ಮಿತಿಯನ್ನು ನಮ್ಮ ದೀನ್ ಎಂದೋ ಹೇರಿತ್ತು.

ಆ ಬೇಸಿಗೆಯ ಒಂದು ಸಂಜೆಯ ಮಾತು. ಹೆಗಲ ಮೇಲೆ ಗಂಟು ಹೊತ್ತು ಬೆಡ್‌ಶೀಟ್ ಮಾರುತ್ತ ಬಂದ ಉತ್ತರದ ಕಡೆಯವನೊಬ್ಬ ಮಸೀದಿಯ ನಲ್ಲಿಯಲ್ಲಿ ನೀರು ಕುಡಿಯುತ್ತಿದ್ದ. ಅಸರ್ ಮುಗಿಸಿ ಹೊರಬಂದ ಹುಡುಗರು ಸುತ್ತುಗಟ್ಟಿದರು. ಒಬ್ಬ ಗಂಟು ಬಿಚ್ಚಿದ, ಇನ್ನೊಬ್ಬ ಕೈ ಎತ್ತಿದ್ದ. ಹಿರಿಯರೊಬ್ಬರು ನಡುವೆ ಹೋಗಿ ನಿಂತು, ‘ಪ್ರತಿ ವರ್ಷ ಬರೋನು ಇಂವ, ನಮ್ಮನೀಗೂ ಚಾದರ ಕೊಟ್ಟಾನ’ ಎಂದಿದ್ದರಿಂದ ಅವನು ಉಳಿದ. ಹುಡುಗರನ್ನು ಬೈಯಲು ನಮಗೆ ಬಾಯಿ ಬರಲಿಲ್ಲ. ಏಕೆಂದರೆ ಅಂದು ಬೆಳಿಗ್ಗೆ ಜಮಾತಿನ ಗ್ರೂಪಿಗೆ ಆ ಸಂದೇಶವನ್ನು ಕಳಿಸಿದವರು ಮಿಂಬರಿನ ಮೇಲೆ ನಿಲ್ಲುವ ನಾವೇ. ಮಕ್ಕಳ ವಿಷಯ, ಇದ್ದರೂ ಇರಬಹುದು ಎಂದುಕೊಂಡು ಕಳಿಸಿದ್ದೆವು. ಅವನಿಗೆ ಏನಾದರೂ ಆಗಿದ್ದರೆ ಅಲ್ಲಾಹನಿಗೆ ಏನೆಂದು ಉತ್ತರ ಕೊಡುತ್ತಿದ್ದೆವು?

ಸುದ್ದಿ ಬಂದರೆ ಪರಿಶೀಲಿಸಿ, ಅರಿಯದೆ ಒಂದು ಜನಕ್ಕೆ ಹಾನಿ ಮಾಡಿ ಆಮೇಲೆ ಪರಿತಪಿಸಬೇಡಿ ಎಂಬುದು ಸೂರಃ ಅಲ್-ಹುಜುರಾತ್‌ನ 6ನೇ ವಚನದ ಆದೇಶ. ಮಕ್ಕಳ ವಿಷಯವಾದರೆ ಪರಿಶೀಲನೆ ಬೇಡವೆಂಬ ವಿನಾಯಿತಿ ಅಲ್ಲಿಲ್ಲ. ಕೇಳಿದ್ದನ್ನೆಲ್ಲ ಹೇಳುತ್ತ ಹೋಗುವುದೇ ಒಬ್ಬನನ್ನು ಸುಳ್ಳುಗಾರನನ್ನಾಗಿಸಲು ಸಾಕೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ.

ಸಹೋದರರೇ, ಇದು ಬೇರೆಯವರ ಕಾಯಿಲೆ ಎಂದು ಎದ್ದು ಹೋಗಬೇಡಿ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ 9 ತಿಂಗಳಿಂದ 15 ವರ್ಷದ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಹಾಕುವಾಗ, ನಿಮ್ಮ ಮಕ್ಕಳನ್ನು ಉಳಿಸಿಕೊಳ್ಳಿ, ಸೂಜಿ ಹಾಕಿಸಬೇಡಿ ಎಂಬ ಸುಳ್ಳು ಹರಡಿದಾಗ ನಮ್ಮ ಮಹಲ್ಲಾಗಳಲ್ಲೂ ಬಾಗಿಲು ಹಾಕಿಕೊಂಡವರಿದ್ದರು. ದಡಾರ ಮಕ್ಕಳ ಪ್ರಾಣ ತೆಗೆಯುವ ರೋಗ. ಮಗುವನ್ನು ಕಾಯುತ್ತೇವೆಂದು ಅದರ ಕಾವಲನ್ನೇ ತೆಗೆದೆವು. ಹೆಣ್ಣುಮಗಳ ಸುರಕ್ಷತೆ ಎನ್ನುತ್ತ ಹತ್ತನೇ ತರಗತಿಗೇ ಓದು ಬಿಡಿಸುತ್ತೇವೆ. ಬಸ್ಸಿನಲ್ಲಿ ಹಳಿಯಾಳಕ್ಕೋ ಹುಬ್ಬಳ್ಳಿಗೋ ಕಳಿಸಲು ಭಯ ಎನ್ನುತ್ತೇವೆ. ಆ ಭಯಕ್ಕೆ ಪರಿಹಾರ ಜೊತೆಗಾರ್ತಿಯರನ್ನು ಹುಡುಕುವುದೋ, ಪುಸ್ತಕ ಕಸಿದುಕೊಳ್ಳುವುದೋ?

2021ರ ಡಿಸೆಂಬರಿನಲ್ಲಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ ಕೊಡಲು ಆರಂಭಿಸಿದಾಗ ಬೇಕೆಂದವರೂ ಬೇಡವೆಂದವರೂ ಮಕ್ಕಳ ಹೆಸರನ್ನೇ ಹೇಳಿದರು. ಮಕ್ಕಳನ್ನು ಕೇಳಿದವರು ಕಡಿಮೆ. ಕೊನೆಗೆ ಗಂಗಾವತಿಯ ವಿದ್ಯಾರ್ಥಿನಿಯರು ತಾವೇ ಬಾಯಿಬಿಟ್ಟು, ನಮಗೆ ಮೊಟ್ಟೆ ಬೇಕು ಎಂದರು. ದೊಡ್ಡವರ ವಾದದ ನಡುವೆ ಆ ದನಿಗೆ ಬೆಲೆಯಿತ್ತು.

ಹಾಗಾದರೆ ಮಕ್ಕಳ ಬಗ್ಗೆ ಯಾರು ಎಚ್ಚರಿಸಿದರೂ ತಳ್ಳಿಹಾಕಬೇಕೆ? ಖಂಡಿತ ಅಲ್ಲ. ತೋಳಗಳು ನಿಜವಾಗಿಯೂ ಇವೆ. ಅದಕ್ಕೇ ಮೂರು ಪ್ರಶ್ನೆ ಕೇಳೋಣ. ಒಂದು, ಪುರಾವೆ ಏನು? ತೋಳ ತಿಂದಿದ್ದರೆ ಅಂಗಿ ಹರಿದಿರಬೇಕಿತ್ತಲ್ಲ ಎಂದು ಯಾಕೂಬ್(ಅ) ಆ ರಕ್ತದ ಅಂಗಿಯನ್ನು ನೋಡಿ ಸಂಶಯಪಟ್ಟರೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ದುಃಖದಲ್ಲೂ ಅವರ ಕಣ್ಣು ಮುಚ್ಚಲಿಲ್ಲ. ಎರಡು, ಈ ಮಾತಿನಿಂದ ಯಾವ ಮಗುವಿಗೆ ಏನು ಒಳಿತು? ಮೂರು, ಇದರ ಪೆಟ್ಟು ಯಾರಿಗೆ ಬೀಳುತ್ತದೆ?

ಮೂರನೆಯದು ನಮ್ಮ ಸೀಮೆಯಲ್ಲಿ ಇನ್ನೂ ಮುಖ್ಯ. ದಾಂಡೇಲಿ ಬೆಳೆದದ್ದೇ ಕಾಗದದ ಕಾರ್ಖಾನೆಗೆ ಹತ್ತು ಕಡೆಯಿಂದ ಬಂದ ಕೂಲಿಕಾರರಿಂದ. ಹಳಿಯಾಳದ ಸಿದ್ದಿ ಸಹೋದರರ ಪೂರ್ವಜರು ಆಫ್ರಿಕಾದವರು. ಮುಂಡಗೋಡದಲ್ಲಿ 1966ರಿಂದ ಟಿಬೆಟಿಯನ್ನರಿದ್ದಾರೆ. ಜೋಯಿಡಾದ ಕಾಡುದಾರಿಯಲ್ಲಿ ಪ್ರವಾಸಿಗರು ಇಂದಿಗೂ ಕಾರು ನಿಲ್ಲಿಸಿ ಮಕ್ಕಳಿಗೆ ಚಾಕೊಲೇಟ್ ಕೊಡುತ್ತಾರೆ. ಇಲ್ಲಿ ಅಪರಿಚಿತ ಮುಖವೇ ಅಪರಾಧವಾದರೆ ಯಾರು ಉಳಿಯುತ್ತಾರೆ?

ಇನ್ನೊಂದು ಕಹಿ ಸತ್ಯ. ಮಕ್ಕಳ ಮೇಲಿನ ದೌರ್ಜನ್ಯದ ಬಹುಪಾಲು ಪ್ರಕರಣಗಳಲ್ಲಿ ತಪ್ಪಿತಸ್ಥ ಮಗುವಿಗೆ ಪರಿಚಿತನೇ. ಯೂಸುಫ್(ಅ)ರನ್ನು ಬಾವಿಗೆ ತಳ್ಳಿದ್ದೂ ಪರಕೀಯರಲ್ಲ, ಮನೆಯವರು. ಬಾವಿಯಿಂದ ಮೇಲೆತ್ತಿದ್ದು ದಾರಿಹೋಕರು. ಬೀದಿಯಲ್ಲಿ ಬೆಡ್‌ಶೀಟ್ ಮಾರುವವನನ್ನು ಹಿಡಿಯುವುದು ಸುಲಭ, ಮನೆಯ ಪಡಸಾಲೆಯಲ್ಲಿ ಕೂತವನನ್ನು ಪ್ರಶ್ನಿಸುವುದು ಕಷ್ಟ. ಮಗು ಏನಾದರೂ ಹೇಳಲು ಬಂದರೆ ಗದರಿಸಬೇಡಿ, ಕೂತು ಕೇಳಿ. ಸಂಶಯವಿದ್ದರೆ 1098 ಮಕ್ಕಳ ಸಹಾಯವಾಣಿಗೆ ಇಲ್ಲವೇ 112ಕ್ಕೆ ಕರೆ ಮಾಡಿ. ಮಸೀದಿ, ಮದ್ರಸಾಗಳೂ ಈ ಪರಿಶೀಲನೆಯಿಂದ ಹೊರಗಲ್ಲ.

ನಮಾಝ್‌ನಲ್ಲಿ ಮಗುವಿನ ಅಳು ಕೇಳಿದರೆ ಪ್ರವಾದಿ(ಸ) ಅದರ ತಾಯಿಯ ಸಂಕಟ ನೆನೆದು ನಮಾಝನ್ನು ಚುಟುಕುಗೊಳಿಸುತ್ತಿದ್ದರು. ಮಕ್ಕಳ ಮೇಲಿನ ಪ್ರೀತಿ ಅಂದರೆ ಅದು. ಅದರಲ್ಲಿ ಘೋಷಣೆಯಿಲ್ಲ, ಯಾರ ಮೇಲೂ ಕೈ ಎತ್ತುವುದಿಲ್ಲ.

ಅಲ್ಲಾಹನು ನಮ್ಮ ಮಕ್ಕಳನ್ನು ಕಾಪಾಡಲಿ. ಅವರ ಹೆಸರಿನಲ್ಲಿ ನಾವು ಮಾಡಿದ ತಪ್ಪುಗಳನ್ನು ಮನ್ನಿಸಲಿ. ಆಮೀನ್.