ಹಾಲು, ಫೀಡು, ಹಣ: ಮೂರಕ್ಕೂ ಒಂದೇ ಲೆಕ್ಕವಿರಲಿ

(ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಹಾಲು ಉತ್ಪಾದಕರ ಸಹಕಾರ ಸಂಘಗಳ ಸದಸ್ಯರು ಹಾಗೂ ಸಿಬ್ಬಂದಿಯ ಮುಂದೆ ಮಾಡಿದ ಭಾಷಣ)



ಕಂಪ್ಯೂಟರ್ ಲೆಕ್ಕದ ಬಗ್ಗೆ ಮಾತನಾಡಬೇಕೆಂದು ನನಗೆ ಹೇಳಿದ್ದಾರೆ. ಹಸು ಕಟ್ಟುವವರಿಗೆ ಈ ವಿಷಯ ಏಕೆ, ಅದು ಕಾರ್ಯದರ್ಶಿಯ ಕೆಲಸವಲ್ಲವೇ ಎಂದು ನಿಮಗೆ ಅನ್ನಿಸಬಹುದು. ಸಂಘದ ಲೆಕ್ಕ ಕಾರ್ಯದರ್ಶಿಯದಲ್ಲ, ನಿಮ್ಮದು. ಅಲ್ಲಿರುವ ಹಾಲು ನಿಮ್ಮದು, ಗೋದಾಮಿನ ಫೀಡಿನ ಚೀಲ ನಿಮ್ಮ ಹಣದಿಂದ ಬಂದದ್ದು, ವರ್ಷದ ಕೊನೆಗೆ ಬರುವ ಬೋನಸ್ ಈ ಲೆಕ್ಕದಿಂದಲೇ ಹುಟ್ಟುವುದು. ಆದ್ದರಿಂದ ಸ್ವಲ್ಪ ಹೊತ್ತು ಸಮಾಧಾನದಿಂದ ಕೇಳಬೇಕೆಂದು ವಿನಂತಿ.

ನಮ್ಮ ನಾಡಿನಲ್ಲಿ ಸಹಕಾರ ಎಂಬುದು ಲೆಕ್ಕದ ಪುಸ್ತಕದಿಂದಲೇ ಆರಂಭವಾಯಿತು. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಶಿದ್ದನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದಾಗ ಜನರ ನಂಬಿಕೆಗೆ ಆಧಾರವಾದದ್ದು ಎಲ್ಲರೆದುರು ತೆರೆದಿಡಬಹುದಾದ ಜಮಾ ಖರ್ಚು. ಗುಜರಾತಿನ ಖೇಡಾ ಜಿಲ್ಲೆಯಲ್ಲಿ 1946ರಲ್ಲಿ ನೋಂದಣಿಯಾದ ಹಾಲು ಒಕ್ಕೂಟದ ಬಲವೂ ಅದೇ: ಬೆಳಿಗ್ಗೆ ಹಾಲು ಅಳೆದವನಿಗೆ ಅಳತೆಗೆ ಸರಿಯಾಗಿ ಹಣ. ಆ ಮಾದರಿಯೇ 1970ರ ದಶಕದಲ್ಲಿ ಕರ್ನಾಟಕ ಹೈನುಗಾರಿಕೆ ಅಭಿವೃದ್ಧಿ ನಿಗಮದ ಮೂಲಕ ನಮ್ಮ ಹಳ್ಳಿಗಳಿಗೆ ಬಂತು. 1984ರಲ್ಲಿ ನಿಗಮ ಹೋಗಿ ಹಾಲು ಮಹಾಮಂಡಳ ಬಂತು. ಕಾಲ ಬದಲಾದರೂ ಸಂಘದ ಬುನಾದಿ ಮಾತ್ರ ಲೆಕ್ಕವೇ.

ಮೂರು ವಹಿ, ಮೂರು ಕಥೆ

ನಿಮ್ಮ ಸಂಘದಲ್ಲಿ ಮುಖ್ಯವಾಗಿ ಮೂರು ಲೆಕ್ಕಗಳಿವೆ. ಮೊದಲನೆಯದು ಹಾಲು ಖರೀದಿಯ ಲೆಕ್ಕ: ಯಾರು ಎಷ್ಟು ಹಾಕಿದರು, ಜಿಡ್ಡು ಎಷ್ಟು, ಎಸ್.ಎನ್.ಎಫ್. ಎಷ್ಟು. ಎರಡನೆಯದು ದಾಸ್ತಾನು ಲೆಕ್ಕ: ಫೀಡು, ಖನಿಜ ಮಿಶ್ರಣ, ಮೇವಿನ ಬೀಜ. ಮೂರನೆಯದು ಹಣದ ಲೆಕ್ಕ: ನಗದು ವಹಿ, ಬ್ಯಾಂಕ್ ಖಾತೆ, ಸದಸ್ಯರ ಬಾಕಿ. ಹಿಂದೆ ಇವು ಮೂರು ವಹಿಗಳಾಗಿದ್ದವು. ಬರೆಯುವವರು ಒಬ್ಬರೇ ಆದರೂ ಬರೆಯುವ ಹೊತ್ತು ಬೇರೆ ಬೇರೆ. ಹಾಲಿನ ವಹಿ ಬೆಳಗಿನ ಜಾವ, ನಗದು ವಹಿ ಸಂಜೆ, ದಾಸ್ತಾನು ವಹಿ ಬಿಡುವಾದಾಗ. ಹೀಗಾಗಿ ಮೂರು ವಹಿಗಳು ಮೂರು ಕಥೆ ಹೇಳುತ್ತಿದ್ದವು. ವರ್ಷದ ಕೊನೆಗೆ ಲೆಕ್ಕ ಪರಿಶೋಧಕರು ಕುಳಿತು ತೇರೀಜು ತೆಗೆದಾಗಲೇ ವ್ಯತ್ಯಾಸ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಕಾರಣ ಯಾರಿಗೂ ನೆನಪಿರುತ್ತಿರಲಿಲ್ಲ.

ಈಗ ಕಂಪ್ಯೂಟರ್ ಬಂದಿದೆ. ಆದರೆ ಹಾಲಿಗೆ ಒಂದು ತಂತ್ರಾಂಶ, ಫೀಡಿಗೆ ಹಳೆಯ ವಹಿ, ಹಣಕ್ಕೆ ಇನ್ನೊಂದು ಎಂದಾದರೆ ಹಳೆಯ ತೊಂದರೆಯೇ ಹೊಸ ಬಟ್ಟೆ ತೊಟ್ಟು ಬಂದಂತೆ. ದೊಡ್ಡ ಕಾರ್ಖಾನೆಗಳಲ್ಲಿ ಬಳಸುವ ಇ.ಆರ್.ಪಿ. ಎಂಬ ತಂತ್ರಾಂಶದ ಮೂಲ ತತ್ವ ಒಂದೇ: ಒಂದು ವ್ಯವಹಾರವನ್ನು ಒಂದೇ ಸಲ, ಅದು ನಡೆದ ಜಾಗದಲ್ಲೇ, ನಡೆದ ಹೊತ್ತಿಗೇ ಬರೆಯಬೇಕು. ಅಲ್ಲಿಂದ ದಾಸ್ತಾನಿಗೂ ಹಣದ ಖಾತೆಗೂ ಅದು ತಾನಾಗಿಯೇ ಹೋಗಬೇಕು. ಮತ್ತೊಬ್ಬರು ಮತ್ತೊಮ್ಮೆ ನಕಲು ಮಾಡಬಾರದು.

ಎರಡು ಚೀಲದ ಉದಾಹರಣೆ

ಒಂದು ಉದಾಹರಣೆ ಹೇಳುತ್ತೇನೆ. ಇದು ಯಾವ ಸಂಘದ ಕಥೆಯೂ ಅಲ್ಲ. ತಿಳಿಯಲು ಸುಲಭವಾಗಲೆಂದು ಅಂಕಿಗಳನ್ನೂ ದರವನ್ನೂ ನಾನೇ ಇಟ್ಟುಕೊಂಡಿದ್ದೇನೆ.

ಸಂಘದ ಗೋದಾಮಿನಲ್ಲಿ ಆರಂಭ ಶಿಲ್ಕು 14 ಚೀಲ ಫೀಡು. ಸಂಘದವರು 60 ಚೀಲಕ್ಕೆ ಬೇಡಿಕೆ ಕಳಿಸಿದರು. ಲಾರಿ ಬಂತು. ಆ ಅವಧಿಯಲ್ಲಿ ಸದಸ್ಯರಿಗೆ 52 ಚೀಲ ಮಾರಾಟವಾಯಿತು. ಹಾಗಾದರೆ ಅಖೈರು ಶಿಲ್ಕು 22 ಚೀಲ ಇರಬೇಕು. ಎಣಿಸಿ ನೋಡಿದರೆ 20. ಎರಡು ಚೀಲ ಎಲ್ಲಿ ಹೋದವು? ಊರಿನ ಬಾಯಿಗೆ ಮೊದಲು ಬರುವುದು ಕಾರ್ಯದರ್ಶಿಯ ಹೆಸರು. ಕಟ್ಟೆಯ ಮೇಲೆ ಮಾತು ಹೊರಡುತ್ತದೆ.

ಈಗ ಮೂರು ಕಾಗದಗಳನ್ನು ಪಕ್ಕಪಕ್ಕ ಇಡಿ. ಬೇಡಿಕೆ ಪತ್ರದಲ್ಲಿ 60. ಲಾರಿಯೊಂದಿಗೆ ಬಂದ ರವಾನೆ ಚೀಟಿಯ ಮೇಲೆ, ಇಳಿಸಿಕೊಂಡವರು ಎಣಿಸಿ ಬರೆದದ್ದು 58. ಹಾಲಿನ ಬಿಲ್ಲಿನಲ್ಲಿ ಸಂಘಕ್ಕೆ ಕಡಿತವಾದದ್ದು 60 ಚೀಲದ ಹಣ. ದಾಸ್ತಾನು ವಹಿಗೆ ಬರೆದವರು ಬಿಲ್ಲು ನೋಡಿ 60 ಎಂದು ಬರೆದುಬಿಟ್ಟರು. ಚೀಲ ಕಳುವಾಗಿಲ್ಲ, ಬಂದೇ ಇಲ್ಲ. ಚೀಲಕ್ಕೆ 950 ರೂಪಾಯಿಯಂತೆ 1,900 ರೂಪಾಯಿ ಸಂಘಕ್ಕೆ ವಾಪಸು ಬರಬೇಕು.

ಲೆಕ್ಕಗಳು ಒಂದಕ್ಕೊಂದು ಕೂಡಿಕೊಂಡಿದ್ದರೆ ಹೀಗೆ ನಡೆಯುತ್ತದೆ. ಲಾರಿ ಇಳಿದ ದಿನವೇ 58 ಎಂದು ಒಂದು ಸಲ ನಮೂದಾಗುತ್ತದೆ. ದಾಸ್ತಾನು 58 ಏರುತ್ತದೆ, ಕೊಡಬೇಕಾದ ಹಣವೂ 58 ಚೀಲದ್ದೇ ಆಗುತ್ತದೆ. 60 ಚೀಲದ ಕಡಿತ ಬಂದ ಕೂಡಲೇ ತಾಳೆ ಬರುತ್ತಿಲ್ಲ ಎಂದು ಯಂತ್ರ ತೋರಿಸುತ್ತದೆ. ಅದೇ ವಾರ ಪತ್ರ ಬರೆದರೆ ಹಣ ಬರುತ್ತದೆ. ವರ್ಷ ಕಳೆದು ಕೇಳಿದರೆ ಲಾರಿಯವನಿಗೂ ನೆನಪಿಲ್ಲ, ಲೋಡು ಮಾಡಿದವನಿಗೂ ನೆನಪಿಲ್ಲ. ಇಲ್ಲಿ ಉಳಿಯುವುದು ಬರೀ 1,900 ರೂಪಾಯಿಯಲ್ಲ, ಒಬ್ಬ ಮನುಷ್ಯನ ಮರ್ಯಾದೆಯೂ ಉಳಿಯುತ್ತದೆ.

ಗೋದಾಮಿನಲ್ಲಿ ಮಲಗಿದ ಹಣ

ಅದೇ 52 ಚೀಲಗಳನ್ನು ಇನ್ನೊಂದು ದೃಷ್ಟಿಯಿಂದ ನೋಡೋಣ. ಮಾರಾಟ ದರ ಚೀಲಕ್ಕೆ 1,000 ರೂಪಾಯಿ ಎನ್ನೋಣ. 17 ಚೀಲ ನಗದು, 35 ಚೀಲ ಉದ್ದರಿ. ಉದ್ದರಿಯನ್ನು ಸದಸ್ಯರ ಹಾಲಿನ ಬಟವಾಡೆಯಲ್ಲಿ ಎರಡು ಕಂತಿನಲ್ಲಿ ಹಿಡಿಯುವುದೆಂದು ಆಡಳಿತ ಮಂಡಳಿ ತೀರ್ಮಾನಿಸಿದೆ. ಈ ಬಟವಾಡೆಗೆ ಕೈಗೆ ಬಂದದ್ದು ನಗದು 17,000, ಕಂತು 17,500, ಒಟ್ಟು 34,500 ರೂಪಾಯಿ. ಆದರೆ ಸಂಘದ ಬಿಲ್ಲಿನಲ್ಲಿ ಫೀಡಿಗೆಂದು ಕಡಿತವಾದದ್ದು 57,000. ಉಳಿದ 22,500 ರೂಪಾಯಿ ಎಲ್ಲಿಂದ ಬಂತು? ಸದಸ್ಯರಿಗೆ ಹಂಚಬೇಕಾದ ಹಾಲಿನ ಹಣದಿಂದ ಬಂತು.

ಅದರಲ್ಲಿ ದೊಡ್ಡ ಪಾಲು ಸದಸ್ಯರ ಬಾಕಿಯಲ್ಲಿದೆ, ಉಳಿದದ್ದು ಗೋದಾಮಿನ ಚೀಲಗಳಲ್ಲಿ ಕುಳಿತಿದೆ. ಇದು ನಷ್ಟವಲ್ಲ, ಆದರೆ ಕೈಯಲ್ಲಿ ಹಣವಿಲ್ಲ. "ಸಂಘ ಲಾಭದಲ್ಲಿದೆ ಅನ್ನುತ್ತೀರಿ, ಬಟವಾಡೆ ಯಾಕೆ ತಡ?" ಎಂದು ಸಭೆಗಳಲ್ಲಿ ಕೇಳುವ ಪ್ರಶ್ನೆಗೆ ಉತ್ತರ ಅನೇಕ ಸಲ ಇಲ್ಲೇ ಇರುತ್ತದೆ. ದಾಸ್ತಾನು ಮತ್ತು ಹಣ ಒಂದೇ ಲೆಕ್ಕದಲ್ಲಿದ್ದರೆ ಮುಂದಿನ ಬೇಡಿಕೆ ಬರೆಯುವ ಮೊದಲೇ ಕಾರ್ಯದರ್ಶಿಗೆ ಗೊತ್ತಾಗುತ್ತದೆ: ಗೋದಾಮಿನಲ್ಲಿ ಇಷ್ಟಿದೆ, ಬಾಕಿ ಇಷ್ಟಿದೆ, ಈ ಸಲ 60 ಬೇಡ, 40 ಸಾಕು.

ನಮ್ಮ ನಾಲ್ಕು ತಾಲ್ಲೂಕುಗಳಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ನಮ್ಮದು ಮಳೆ ನಂಬಿದ ಸೀಮೆ. ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಮರುವರ್ಷ, 2023ರಲ್ಲಿ, ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಬೇಕಾಯಿತು. ಹೊಲದಲ್ಲಿ ಮೇವು ಇಲ್ಲದ ವರ್ಷ ಫೀಡಿನ ಉದ್ದರಿ ಏರುತ್ತದೆ, ಹಾಲು ಇಳಿಯುತ್ತದೆ. ಹಾಲು ಇಳಿದರೆ ಕಂತು ಹಿಡಿಯಲು ಬಿಲ್ಲೇ ಸಾಲುವುದಿಲ್ಲ. ಅಂಥ ವರ್ಷದಲ್ಲಿ ಯಾರ ಬಾಕಿ ಎಷ್ಟು, ಅವರ ಹಾಲು ಎಷ್ಟು ಎಂಬುದು ಒಂದೇ ಕಡೆ ಕಾಣದಿದ್ದರೆ, ಒಬ್ಬ ಬಡವನಿಗೆ ಚೀಲ ನಿರಾಕರಿಸಿ ಇನ್ನೊಬ್ಬ ಪ್ರಬಲನಿಗೆ ಮೂರು ಚೀಲ ಕೊಟ್ಟದ್ದು ಯಾರ ಗಮನಕ್ಕೂ ಬರುವುದಿಲ್ಲ.

ಲೀಟರು ಮತ್ತು ಕಿಲೋ

ಹಾಲಿನಲ್ಲೂ ಇದೇ ಮಾತು. ಹಾಲು ನೀರಿಗಿಂತ ಸ್ವಲ್ಪ ಭಾರ. 100 ಲೀಟರು ಹಾಲು ಸುಮಾರು 103 ಕಿಲೋ ತೂಗುತ್ತದೆ. ಸಂಘದಲ್ಲಿ ಲೀಟರಿನಲ್ಲಿ ಅಳೆದು, ಡೇರಿಯಲ್ಲಿ ಕಿಲೋ ಲೆಕ್ಕದಲ್ಲಿ ತೂಗುವ ಕಡೆ ಎಚ್ಚರ ಬೇಕು. ಬೆಳಿಗ್ಗೆ 412 ಲೀಟರು ಬಂತು, ಸ್ಥಳೀಯ ಮಾರಾಟ 20 ಲೀಟರು, ಉಳಿದದ್ದು 392 ಲೀಟರು. ಅದು ಸುಮಾರು 404 ಕಿಲೋ ತೂಗಬೇಕು. ನಡುವೆ 10 ಲೀಟರು ಯಾರೋ ತೆಗೆದರು ಎನ್ನಿ. 382 ಲೀಟರು 393 ಕಿಲೋ ತೂಗುತ್ತದೆ. ಲೀಟರು ಕಿಲೋ ವ್ಯತ್ಯಾಸ ಮಾಡದೆ ವಹಿ ನೋಡುವವರಿಗೆ 392ಕ್ಕೆ 393, ಲೆಕ್ಕ ಸರಿಯಾಗಿದೆ, ಒಂದು ಹೆಚ್ಚೇ ಇದೆ ಎನ್ನಿಸುತ್ತದೆ! ಅಳತೆಯ ಮಾನ ಎಲ್ಲಾ ಕಡೆ ಒಂದೇ ಇರಬೇಕು ಎನ್ನುವುದು ಇದಕ್ಕೇ.

ಅಳತೆ ತಾಳೆಯಾದರೆ ಸಾಲದು, ಗುಣಮಟ್ಟವೂ ತಾಳೆಯಾಗಬೇಕು. ಹಣ ನಿಂತಿರುವುದು ಜಿಡ್ಡು ಮತ್ತು ಎಸ್.ಎನ್.ಎಫ್. ಮೇಲೆ. ಸಂಘದಲ್ಲಿ ಸರಾಸರಿ 4.1 ಜಿಡ್ಡಿಗೆ ಹಣ ಕೊಟ್ಟು, ಟ್ರಕ್ ಶೀಟಿನಲ್ಲಿ 3.9 ಬಂದರೆ 404 ಕಿಲೋ ಹಾಲಿನಲ್ಲಿ ಸುಮಾರು 800 ಗ್ರಾಂ ಜಿಡ್ಡಿನ ಬೆಲೆ ಪ್ರತಿ ಸರದಿಗೂ ಸಂಘದ ತಲೆಯ ಮೇಲೆ ಬೀಳುತ್ತದೆ. ಯಂತ್ರ ಸ್ವಚ್ಛವಿಲ್ಲದಿರಬಹುದು, ಮಾದರಿ ತೆಗೆಯುವಾಗ ಹಾಲನ್ನು ಚೆನ್ನಾಗಿ ಕಲಕದಿರಬಹುದು. ಖರೀದಿಯ ಬೆಲೆ ಮತ್ತು ಡೇರಿಯ ಬೆಲೆ ದಿನವೂ ಎದುರುಬದುರು ಕಂಡರೆ ಎರಡನೇ ದಿನವೇ ಯಂತ್ರ ರಿಪೇರಿಗೆ ಹೋಗುತ್ತದೆ. ತಿಂಗಳ ಕೊನೆಗೆ ಕಂಡರೆ ಬೋನಸ್ ಹೋಗಿರುತ್ತದೆ.

ಸರ್ಕಾರದ ಪ್ರೋತ್ಸಾಹಧನವನ್ನೂ ಇಲ್ಲಿ ನೆನೆಯಬೇಕು. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಆರಂಭವಾಗಿ ಮುಂದೆ 5 ರೂಪಾಯಿಗೆ ಏರಿದ ಈ ಹಣ ಸದಸ್ಯರ ಬ್ಯಾಂಕ್ ಖಾತೆಗೆ ಹೋಗುವುದು ಸಂಘ ಕಳಿಸುವ ಲೀಟರಿನ ಲೆಕ್ಕದ ಮೇಲೆ. ಸದಸ್ಯ ಸಂಖ್ಯೆ ಒಂದು ಅಂಕಿ ತಪ್ಪಿದರೆ ನಿಮ್ಮ ಹಣ ಇನ್ನೊಬ್ಬರ ಖಾತೆ ಸೇರಬಹುದು.

ಯಂತ್ರ ಏನು ಮಾಡಲಾರದು

ಇಂಥ ತಂತ್ರಾಂಶ ನಮಗೆ ಎಟುಕದ್ದೇನಲ್ಲ. ಗುಜರಾತಿನ ಹಾಲು ಸಂಘಗಳು 1990ರ ದಶಕದಲ್ಲೇ ಸ್ವಯಂಚಾಲಿತ ಹಾಲು ಸಂಗ್ರಹ ಯಂತ್ರಗಳನ್ನು ಹಳ್ಳಿಗೆ ತಂದವು. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಹಾಲು ಸಂಗ್ರಹಕ್ಕೆಂದು ಭಾರತೀಯ ಭಾಷೆಗಳಲ್ಲಿ ನಡೆಯುವ ತಂತ್ರಾಂಶ ಸಿದ್ಧಪಡಿಸಿದೆ. 2022ರಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ಬಗೆಯ ತಂತ್ರಾಂಶಕ್ಕೆ ತರಲು 2,516 ಕೋಟಿ ರೂಪಾಯಿಯ ಯೋಜನೆ ಮಂಜೂರು ಮಾಡಿತು.

ಆದರೆ ಒಂದು ಮಾತು ಮರೆಯಬಾರದು. ಚೀಲ ಎಣಿಸುವುದು ಯಂತ್ರವಲ್ಲ, ಮನುಷ್ಯ. 58ನ್ನು 60 ಎಂದು ಬೆರಳಚ್ಚು ಮಾಡಿದರೆ ಕಂಪ್ಯೂಟರ್ ಮೂರೂ ಲೆಕ್ಕದಲ್ಲಿ 60 ಎಂದೇ ಬರೆಯುತ್ತದೆ. ಮೂರೂ ಸುಳ್ಳು, ಮೂರೂ ತಾಳೆ! ಹಾಗಾಗಿ ಕೆಲವು ಕಟ್ಟುಪಾಡುಗಳು ಬೇಕು. ತೂಗುವವರು, ಹಣ ಕೊಡುವವರು ಸಾಧ್ಯವಾದಷ್ಟೂ ಬೇರೆ ಬೇರೆ ಇರಲಿ. ಪಾಸ್‌ವರ್ಡ್ ಒಬ್ಬರದು ಇನ್ನೊಬ್ಬರಿಗೆ ಗೊತ್ತಿರಬಾರದು. ತಪ್ಪು ನಮೂದನ್ನು ಅಳಿಸಬಾರದು. ಎದುರು ನಮೂದು ಹಾಕಿ ಕಾರಣ ಬರೆಯಬೇಕು. ಕರೆಂಟು ಹೋದ ಹೊತ್ತಿನ ಕೈಬರಹದ ಚೀಟಿಯನ್ನು ಅದೇ ದಿನ ಯಂತ್ರಕ್ಕೆ ಸೇರಿಸಬೇಕು. ತಿಂಗಳಿಗೊಮ್ಮೆ ನಿರ್ದೇಶಕರಲ್ಲಿ ಇಬ್ಬರು ಹೇಳದೆ ಕೇಳದೆ ಗೋದಾಮಿಗೆ ಹೋಗಿ ಚೀಲ ಎಣಿಸಿ ಸಹಿ ಹಾಕಬೇಕು.

ಸದಸ್ಯರು ಕೇಳಬೇಕಾದದ್ದು

ಸಹಕಾರ ಸಂಘಗಳ ಕಾಯ್ದೆಯ ಪ್ರಕಾರ ಪ್ರತಿ ವರ್ಷ ಸೆಪ್ಟೆಂಬರ್ 25ರೊಳಗೆ ವಾರ್ಷಿಕ ಮಹಾಸಭೆ ನಡೆಯಬೇಕು. ಅಲ್ಲಿ ಬೋನಸ್ ಎಷ್ಟು ಎಂದಷ್ಟೇ ಕೇಳಿ ಎದ್ದು ಬರಬೇಡಿ. ಈ ನಾಲ್ಕನ್ನೂ ಕೇಳಿ:

1. ಖರೀದಿಸಿದ ಹಾಲು, ಸ್ಥಳೀಯ ಮಾರಾಟ, ಡೇರಿಗೆ ಹೋದ ಹಾಲು ತಾಳೆಯಾಗಿದೆಯೇ? ವ್ಯತ್ಯಾಸ ಎಷ್ಟು?
2. ಮಾರ್ಚ್ 31ರಂದು ಗೋದಾಮಿನಲ್ಲಿ ಎಣಿಸಿದ ಚೀಲ ಎಷ್ಟು, ಲೆಕ್ಕದಲ್ಲಿರುವ ಚೀಲ ಎಷ್ಟು?
3. ಸದಸ್ಯರ ಫೀಡಿನ ಬಾಕಿ ಒಟ್ಟು ಎಷ್ಟು? ಅದರಲ್ಲಿ ಹಾಲು ಹಾಕುವುದನ್ನು ನಿಲ್ಲಿಸಿದವರದು ಎಷ್ಟು?
4. ಒಕ್ಕೂಟದ ಲೆಕ್ಕದಲ್ಲಿರುವ ಬಾಕಿಗೂ ನಮ್ಮ ಲೆಕ್ಕದಲ್ಲಿರುವ ಬಾಕಿಗೂ ತಾಳೆ ಇದೆಯೇ?

ಪ್ರಶ್ನೆ ಕೇಳಿದರೆ ಕಾರ್ಯದರ್ಶಿಯನ್ನು ಅನುಮಾನಿಸಿದಂತೆ ಎಂದು ಯಾರೂ ತಿಳಿಯಬೇಡಿ. ಲೆಕ್ಕ ಚೊಕ್ಕವಾಗಿಟ್ಟವನಿಗೆ ಪ್ರಶ್ನೆಯೇ ರಕ್ಷಣೆ. ಕೇಳದೆ ಬಿಟ್ಟ ಊರಿನಲ್ಲಿ ಅನುಮಾನ ಬೆಳೆಯುತ್ತದೆ, ಅನುಮಾನ ಬೆಳೆದರೆ ಹಾಲು ಖಾಸಗಿಯವರ ಕ್ಯಾನಿಗೆ ಹೋಗುತ್ತದೆ, ಹಾಲು ಹೋದರೆ ಸಂಘದ ಬಾಗಿಲು ಮುಚ್ಚುತ್ತದೆ.

ತಾಯಂದಿರಲ್ಲಿ ಕೊನೆಯದಾಗಿ ಒಂದು ವಿನಂತಿ. ಹಾಲು ಹಾಕಿದಾಗ ಕೊಡುವ ಚೀಟಿಯನ್ನು ಅಲ್ಲೇ ಬಿಟ್ಟು ಬರಬೇಡಿ. ಬಟವಾಡೆ ಬರುವವರೆಗೆ ಡಬ್ಬಿಯಲ್ಲಿಟ್ಟು, ಓದುವ ಮಕ್ಕಳ ಕೈಯಲ್ಲಿ ಕೂಡಿಸಿ ನೋಡಿ. ಫೀಡು ತಂದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಸಂಘದ ಲೆಕ್ಕದ ಮೊದಲ ಪರಿಶೋಧಕರು ನೀವೇ.