ಚಿಂತೆಯೂ ಚಿಂತನೆಯೂ

ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಕತೆಯೊಂದನ್ನು ತಾವೆಲ್ಲರೂ ಕೇಳಿರಬಹುದು. ಪಂಡಿತನೊಬ್ಬ ರೋಗಿಗೆ ಔಷಧ ಕೊಟ್ಟು, "ದಿನಕ್ಕೆ ಎರಡು ಹೊತ್ತು ಕುಡಿ. ಪಥ್ಯವೇನೂ ಇಲ್ಲ. ಆದರೆ ಔಷಧ ಕುಡಿಯುವಾಗ ಮಾತ್ರ ಕೋತಿಯನ್ನು ನೆನೆಯಬೇಡ" ಎಂದನಂತೆ. ಅಲ್ಲಿಯವರೆಗೆ ಕೋತಿಯ ಗೊಡವೆಗೇ ಹೋಗದಿದ್ದ ಆ ಬಡಪಾಯಿಗೆ, ಬಟ್ಟಲನ್ನು ತುಟಿಯ ಬಳಿಗೆ ತಂದಾಗಲೆಲ್ಲ ಕೋತಿಯೇ ಕಣ್ಣಮುಂದೆ ಬಂದು ಕುಳಿತುಕೊಳ್ಳುತ್ತಿತ್ತು. ಔಷಧ ಬಟ್ಟಲಲ್ಲೇ ಉಳಿಯಿತು, ರೋಗ ಮೈಯಲ್ಲೇ ಉಳಿಯಿತು.

ಕತೆ ಕೇಳಿ ನಾವು ನಗುತ್ತೇವೆ. ಆದರೆ ನಮ್ಮ ನಮ್ಮ ಮನೆಗಳಲ್ಲಿ ನಾವು ಒಬ್ಬರಿಗೊಬ್ಬರು ದಿನವೂ ಹೇಳುವ ಪಥ್ಯ ಇದೇ ಅಲ್ಲವೇ? ಪರೀಕ್ಷೆಯ ಫಲಿತಾಂಶಕ್ಕಾಗಿ ಕಾಯುತ್ತಿರುವ ಮಗನಿಗೆ "ಅದನ್ನೇ ಯೋಚಿಸಬೇಡವೋ" ಎನ್ನುತ್ತೇವೆ. ಸಾಲದ ಕಂತು ತುಂಬಲಾರದೆ ತಲೆಯ ಮೇಲೆ ಕೈಹೊತ್ತು ಕುಳಿತ ಗಂಡನಿಗೆ ಹೆಂಡತಿ "ಮನಸ್ಸಿಗೆ ಹಚ್ಚಿಕೊಳ್ಳಬೇಡಿ" ಎನ್ನುತ್ತಾಳೆ. ಹೇಳುವವರ ಪ್ರೀತಿಯಲ್ಲಿ ಸಂದೇಹವಿಲ್ಲ. ಆದರೆ ಆ ಮಾತಿನಿಂದ ಯಾರ ಮನಸ್ಸಾದರೂ ಹಗುರವಾದುದುಂಟೆ?

ಈ ಕೋತಿಯ ಕತೆಯನ್ನು ಪ್ರಯೋಗಶಾಲೆಯಲ್ಲಿಯೇ ಪರೀಕ್ಷಿಸಿ ನೋಡಿದವರಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಅವರ ಸಂಗಡಿಗರು 1987ರಲ್ಲಿ ಒಂದು ಪ್ರಯೋಗದ ವಿವರವನ್ನು ಪ್ರಕಟಿಸಿದರು. ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕೋಣೆಯಲ್ಲಿ ಕೂರಿಸಿ, "ಐದು ನಿಮಿಷ ನಿನ್ನ ಮನಸ್ಸಿಗೆ ಬಂದುದನ್ನೆಲ್ಲ ಬಾಯಿಬಿಟ್ಟು ಹೇಳುತ್ತಿರು. ಬಿಳಿಯ ಕರಡಿಯನ್ನು ಮಾತ್ರ ನೆನೆಯಬೇಡ. ನೆನಪಾದರೆ ಈ ಗಂಟೆಯನ್ನು ಬಾರಿಸು" ಎಂದರು. ಗಂಟೆ ಮತ್ತೆ ಮತ್ತೆ ಬಾರಿಸಿತು. ಅಷ್ಟೇ ಅಲ್ಲ, ಆಮೇಲೆ "ಈಗ ಕರಡಿಯನ್ನು ನೆನೆಯಬಹುದು" ಎಂದು ಅಪ್ಪಣೆ ಕೊಟ್ಟಾಗ, ಮೊದಲು ತಡೆಹಿಡಿದವರ ಮನಸ್ಸಿನಲ್ಲಿ ಕರಡಿ ಇತರರಿಗಿಂತಲೂ ಹೆಚ್ಚಾಗಿ ಕುಣಿಯಿತು. ಆ ಪ್ರಯೋಗದ ಮುಂದಿನ ಭಾಗ ನಮಗೆ ಇನ್ನೂ ಉಪಯುಕ್ತವಾದುದು. ಕೆಲವರಿಗೆ ಅವರು, "ಕರಡಿ ನೆನಪಿಗೆ ಬಂದರೆ, ಅದರ ಬದಲು ಒಂದು ಕೆಂಪು ಕಾರನ್ನು ನೆನೆದುಕೋ" ಎಂದು ಹೇಳಿದರು. ಇಂಥವರಲ್ಲಿ ಕರಡಿಯ ಆಮೇಲಿನ ಹಾವಳಿ ಕಡಿಮೆಯಾಯಿತು.

ಇದರಿಂದ ತಿಳಿಯುವುದೇನು? ಮನಸ್ಸನ್ನು ಬರಿದು ಮಾಡೆಂದರೆ ಅದು ಬರಿದಾಗುವುದಿಲ್ಲ. ಬೇರೊಂದನ್ನು ಕೊಟ್ಟರೆ ಹಿಡಿದುದನ್ನು ಬಿಡುತ್ತದೆ. ನಮ್ಮ ಅಜ್ಜಿಯರಿಗೆ ಈ ಮರ್ಮ ಗೊತ್ತಿತ್ತು. ಮಗುವಿನ ಕೈಗೆ ಕತ್ತರಿ ಸಿಕ್ಕಿದರೆ ಅವರು ಕಿತ್ತುಕೊಳ್ಳಲು ಹೋಗುತ್ತಿರಲಿಲ್ಲ. ಕಿತ್ತರೆ ಮಗು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಒಂದು ಚೂರು ಬೆಲ್ಲವನ್ನು ತೋರಿಸುತ್ತಿದ್ದರು. ಕತ್ತರಿ ತಾನಾಗಿಯೇ ಕೆಳಗೆ ಬೀಳುತ್ತಿತ್ತು. ಪತಂಜಲಿ ಮಹರ್ಷಿಗಳು ಯೋಗಸೂತ್ರಗಳ ಎರಡನೆಯ ಪಾದದಲ್ಲಿ ಇದಕ್ಕೆ ಪ್ರತಿಪಕ್ಷಭಾವನೆ ಎಂಬ ಹೆಸರನ್ನೇ ಕೊಟ್ಟಿದ್ದಾರೆ. ಬಾಧಿಸುವ ಯೋಚನೆ ಬಂದಾಗ ಅದಕ್ಕೆ ಎದುರಾದ ಯೋಚನೆಯನ್ನು ಬೆಳೆಸಿಕೊಳ್ಳಬೇಕೆಂಬುದು ಅದರ ಭಾವ. ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿ, ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಂತೆ ಎಂದು ಅರ್ಜುನನೇ ಕೈಚೆಲ್ಲಿದಾಗ, ಕೃಷ್ಣನು ಆ ಕಷ್ಟವನ್ನು ಅಲ್ಲಗಳೆಯುವುದಿಲ್ಲ. ಕಷ್ಟವೇ ಹೌದೆಂದು ಒಪ್ಪಿ, ಅಭ್ಯಾಸದ ಮಾತನ್ನು ಹೇಳುತ್ತಾನೆ. ಅಭ್ಯಾಸದಿಂದ ಬರುವಂಥದು ಎಂದರೆ ನನ್ನಂಥ ಸಾಮಾನ್ಯನಿಗೂ ಸ್ವಲ್ಪ ಮಟ್ಟಿಗೆ ಬರುವಂಥದು ಎಂದೇ ಅರ್ಥವಲ್ಲವೇ?

ಕನ್ನಡ ಪಾಠ ಹೇಳುವವನಾದುದರಿಂದ ಎರಡು ಶಬ್ದಗಳ ಕಡೆಗೆ ತಮ್ಮ ಗಮನವನ್ನು ಸೆಳೆಯುತ್ತೇನೆ. ಒಂದು ಚಿಂತೆ, ಇನ್ನೊಂದು ಚಿಂತನೆ. ಎರಡೂ ಒಂದೇ ಧಾತುವಿನಿಂದ ಹುಟ್ಟಿದ ಅಕ್ಕತಂಗಿಯರು. ಆದರೆ ಬಳಕೆಯಲ್ಲಿ ಎಷ್ಟು ದೂರ ಹೋಗಿವೆ ನೋಡಿ! ಎತ್ತನ್ನು ಗಾಣಕ್ಕೂ ಕಟ್ಟಬಹುದು, ನೇಗಿಲಿಗೂ ಹೂಡಬಹುದು. ಎತ್ತು ಅದೇ, ಅದರ ಶಕ್ತಿಯೂ ಅದೇ. ಗಾಣಕ್ಕೆ ಕಟ್ಟಿದ ಎತ್ತು ಮುಂಜಾನೆಯಿಂದ ಸಂಜೆಯವರೆಗೆ ನಡೆದರೂ ಹೊರಟಲ್ಲಿಯೇ ಇರುತ್ತದೆ. ನೇಗಿಲಿಗೆ ಹೂಡಿದ ಎತ್ತು ಒಂದೊಂದು ಸಾಲಾಗಿ ಹೊಲವನ್ನು ಮುಗಿಸುತ್ತದೆ. ಚಿಂತೆ ಗಾಣದ ನಡಿಗೆ, ಚಿಂತನೆ ನೇಗಿಲ ನಡಿಗೆ. ಗಾಣದ ಸುತ್ತಿನಿಂದ ಎಣ್ಣೆಯಾದರೂ ಬಂದೀತು. ಚಿಂತೆಯ ಸುತ್ತಿನಿಂದ ಹಿಂಡಿಯೂ ದೊರೆಯದು.

ಇದನ್ನು ನಾನು ಪುಸ್ತಕದಿಂದ ಮಾತ್ರ ಕಲಿತವನಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಮನೆಯವರಿಗೆ ಶಸ್ತ್ರಚಿಕಿತ್ಸೆಯಾಗಬೇಕಾಗಿ ಬಂತು. ಹಿಂದಿನ ರಾತ್ರಿ ಆಸ್ಪತ್ರೆಯ ಜಗಲಿಯ ಬೆಂಚಿನ ಮೇಲೆ ಕುಳಿತಿದ್ದೆ. "ಹಾಗಾದರೆ ಏನು ಗತಿ? ಮೊದಲೇ ಏಕೆ ತೋರಿಸಲಿಲ್ಲ?" ಈ ಎರಡು ಪ್ರಶ್ನೆಗಳು ಸುತ್ತಿ ಸುತ್ತಿ ಬರುತ್ತಿದ್ದುವು. ಮಕ್ಕಳಿಗೆ ಧೈರ್ಯದ ಪಾಠಗಳನ್ನು ಹೇಳಿದವನಿಗೆ ಆಗ ಒಂದು ಸಾಲೂ ನೆರವಿಗೆ ಬರಲಿಲ್ಲ. ಪಕ್ಕದಲ್ಲಿ ಹಳ್ಳಿಯ ಮುದುಕಿಯೊಬ್ಬಳು ಕುಳಿತಿದ್ದಳು. ಮೊಮ್ಮಗನನ್ನು ಒಳಗೆ ಮಲಗಿಸಿದ್ದಳು. ಸೆರಗಿನ ಗಂಟನ್ನು ಬಿಚ್ಚಿ ಒಂದು ಹಿಡಿ ಚೀಟಿಗಳನ್ನು ತೆಗೆದು, "ಸ್ವಾಮೀ, ಇವನ್ನ ಒಸಿ ಓದಿ ಹೇಳ್ತೀರಾ? ನಾಳೆ ಯಾವುದು ತೋರಿಸ್ಬೇಕೋ ಗೊತ್ತಾಗಾಕಿಲ್ಲ" ಎಂದಳು.

ನಾನು ಆ ಚೀಟಿಗಳನ್ನು ದಿನಾಂಕದಂತೆ ಜೋಡಿಸಿದೆ. ರಕ್ತಪರೀಕ್ಷೆಯದು ಯಾವುದು, ಔಷಧದ ಅಂಗಡಿಗೆ ಕೊಡಬೇಕಾದುದು ಯಾವುದು, ಹಣ ಕಟ್ಟಿದ ರಸೀದಿ ಯಾವುದು ಎಂದು ವಿಂಗಡಿಸಿದೆ. ಆಕೆಗೆ ಓದು ಬಾರದು. ಆದುದರಿಂದ ಹಿಂಬದಿಯಲ್ಲಿ ಒಂದು ಗೆರೆ, ಎರಡು ಗೆರೆ, ಮೂರು ಗೆರೆ ಎಳೆದು ಗುರುತು ಮಾಡಿಕೊಟ್ಟೆ. ಅರ್ಧ ಗಂಟೆ ಹಿಡಿಯಿತು. ಕೆಲಸ ಮುಗಿದ ಮೇಲೆ ಹೊಳೆಯಿತು: ಆ ಅರ್ಧ ಗಂಟೆ ನನ್ನ ಎತ್ತು ಗಾಣದಿಂದ ಬಿಡುಗಡೆಯಾಗಿತ್ತು! ಕೂಡಲೆ ನನ್ನ ಜೇಬಿನಲ್ಲಿದ್ದ ಕಾಗದವನ್ನೂ ತೆಗೆದೆ. ಬೆಳಿಗ್ಗೆ ರಕ್ತ ಕೊಡಲು ಯಾರನ್ನು ಕರೆಯಬೇಕು, ಊರಿಗೆ ಯಾರು ಸುದ್ದಿ ಮುಟ್ಟಿಸಬೇಕು, ವೈದ್ಯರಿಗೆ ಏನೇನು ಹೇಳಬೇಕು ಎಂದು ಬರೆಯುತ್ತ ಹೋದೆ. ಬರೆಯುವಾಗ, ಬಹಳ ಹಿಂದೆ ಯಾವುದೋ ಸೂಜಿಮದ್ದಿನಿಂದ ನನ್ನಾಕೆಯ ಮೈಯೆಲ್ಲ ದದ್ದೆದ್ದುದು ನೆನಪಿಗೆ ಬಂತು. ಅದನ್ನೂ ಬರೆದೆ. ಬೆಳಿಗ್ಗೆ ವೈದ್ಯರು ಮೊದಲು ಕೇಳಿದುದು ಅದನ್ನೇ. ಆಕೆ ಗುಣಮುಖಳಾಗಿ ಮನೆಗೆ ಬಂದಳು. ಅದು ವೈದ್ಯರ ಕೈಗುಣ, ನನ್ನ ಯೋಚನೆಯ ಫಲವಲ್ಲ. ಆ ರಾತ್ರಿ ನನ್ನ ಭಯವೂ ಹೋಗಲಿಲ್ಲ. ಆದರೆ ಅದು ಸ್ವಲ್ಪ ಸರಿದು ಕುಳಿತು, ನನಗೆ ಕೆಲಸ ಮಾಡಲು ಎಡೆ ಕೊಟ್ಟಿತು.

ಆ ರಾತ್ರಿಯಿಂದ ನಾನು ರೂಢಿಸಿಕೊಂಡ ಮೊದಲನೆಯ ಅಭ್ಯಾಸವೆಂದರೆ ಪ್ರಶ್ನೆಯನ್ನು ಬದಲಿಸುವುದು. "ನನಗೇ ಏಕೆ ಹೀಗಾಯಿತು?" ಎಂಬ ಪ್ರಶ್ನೆಗೆ ಎಂದೂ ಉತ್ತರವಿಲ್ಲ. "ಈಗ ನನ್ನ ಕೈಯಲ್ಲಿ ಏನಿದೆ? ಮುಂದಿನ ಒಂದು ಗಂಟೆಯಲ್ಲಿ ಏನು ಮಾಡಬಹುದು?" ಎಂದು ಕೇಳಿದರೆ ಸಣ್ಣದಾದರೂ ಒಂದು ಉತ್ತರ ಸಿಗುತ್ತದೆ. ಅದನ್ನು ತಲೆಯಲ್ಲಿಟ್ಟುಕೊಳ್ಳದೆ ಕಾಗದದ ಮೇಲೆ ಬರೆಯುವುದು ಮೇಲು. ತಲೆಯಲ್ಲಿ ಹತ್ತಾಗಿ ಕಾಣುವ ತೊಂದರೆಗಳು ಕಾಗದಕ್ಕಿಳಿದಾಗ ಅನೇಕ ವೇಳೆ ನಾಲ್ಕೇ ಆಗಿರುತ್ತವೆ.

ಕೈಯಲ್ಲಿದ್ದುದರಿಂದ ಆರಂಭಿಸುವುದಕ್ಕೆ ತಾವು ಈಗ ಕೇಳುತ್ತಿರುವ ಆಕಾಶವಾಣಿಯೇ ಸಾಕ್ಷಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಪ್ರಸಾರ ನಿಲಯವನ್ನು ಆರಂಭಿಸಿದರು. ದೊಡ್ಡ ಕಟ್ಟಡವಾಗಲಿ, ದೊಡ್ಡ ಯಂತ್ರವಾಗಲಿ ಬರಲೆಂದು ಅವರು ಕಾದು ಕೂರಲಿಲ್ಲ. ಆ ಮನೆಯ ನಿಲಯದ ಆಕಾಶವಾಣಿ ಎಂಬ ಹೆಸರೇ ಮುಂದೆ ಇಡೀ ದೇಶದ ರೇಡಿಯೋದ ಹೆಸರಾಯಿತು. ಮನಸ್ಸಿನ ಶಾಸ್ತ್ರವನ್ನು ಬೋಧಿಸುತ್ತಿದ್ದವರೇ ಇದನ್ನು ಮಾಡಿದರೆಂಬುದು ನೆನೆದಾಗಲೆಲ್ಲ ನನಗೆ ಸಂತೋಷ ಕೊಡುವ ಸಂಗತಿ.

ಎರಡನೆಯ ಅಭ್ಯಾಸ ವಿಚಿತ್ರವಾಗಿ ತೋರಬಹುದು. ಅದು ಚಿಂತೆಗೂ ಒಂದು ವೇಳೆಯನ್ನು ಗೊತ್ತುಮಾಡುವುದು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಥಾಮಸ್ ಬೋರ್ಕೋವೆಕ್ ಮತ್ತು ಅವರ ಜೊತೆಯವರು 1983ರಲ್ಲಿ ಈ ಕ್ರಮವನ್ನು ಪ್ರಯೋಗಿಸಿ ಬರೆದರು. ದಿನವೂ ಒಂದೇ ಸ್ಥಳದಲ್ಲಿ, ಒಂದೇ ಹೊತ್ತಿಗೆ, ಅರ್ಧ ಗಂಟೆ ಚಿಂತೆಗೆಂದೇ ಮೀಸಲಿಡಬೇಕು. ಮಿಕ್ಕ ಹೊತ್ತಿನಲ್ಲಿ ಚಿಂತೆ ತಲೆಹಾಕಿದರೆ, "ನಿನ್ನ ಹೊತ್ತು ಸಂಜೆ, ಆಗ ಬಾ" ಎಂದು ಅದನ್ನು ಮುಂದಕ್ಕೆ ಹಾಕಿ, ಕೈಯಲ್ಲಿರುವ ಕೆಲಸಕ್ಕೆ ಗಮನವನ್ನು ತಿರುಗಿಸಬೇಕು. ಇದು ತಡೆಯಲ್ಲ, ಮುಂದೂಡಿಕೆ. ಆದುದರಿಂದಲೇ ಕರಡಿಯಂತೆ ಇಮ್ಮಡಿಸಿ ಬರುವುದಿಲ್ಲ. ನನ್ನ ಅನುಭವದಲ್ಲಿ, ಬೆಳಿಗ್ಗೆ ಬೆಟ್ಟವಾಗಿದ್ದುದು ಸಂಜೆ ಕರೆದಾಗ ಕೆಲವು ಸಲ ಬರುವುದೇ ಇಲ್ಲ. ಆದರೆ ಆ ಅರ್ಧ ಗಂಟೆ ಮಲಗುವ ಹೊತ್ತಿಗೆ ಬೇಡ. ಹಾಸಿಗೆಯ ಮೇಲಂತೂ ಬೇಡ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯಿದೆ. ಅದನ್ನು ಹಾಸಿಗೆಯಲ್ಲಿ ಮಲಗಿಸಿಕೊಂಡವನಿಗೆ ಎಲ್ಲಿಯ ನಿದ್ದೆ? ಈಚೆಗೆ ಮೊಬೈಲನ್ನೂ ದಿಂಬಿನ ಬಳಿ ಇಟ್ಟುಕೊಳ್ಳುವ ರೂಢಿ ಬಂದಿದೆ. ಲೋಕದ ಚಿಂತೆಗಳನ್ನೆಲ್ಲ ತಲೆದೆಸೆಗೆ ಕರೆದಂತೆ ಅದು.

ಇಲ್ಲೊಂದು ಎಚ್ಚರಿಕೆಯನ್ನೂ ಹೇಳಬೇಕು. ಒಳ್ಳೆಯದನ್ನೇ ಯೋಚಿಸುವುದೆಂದರೆ ಕಣ್ಣುಮುಚ್ಚಿ ಒಳ್ಳೆಯ ಕನಸು ಕಾಣುವುದಲ್ಲ. ಪಂಚತಂತ್ರದ ಬ್ರಾಹ್ಮಣ ತೂಗುಹಾಕಿದ ಹಿಟ್ಟಿನ ಮಡಕೆಯನ್ನು ನೋಡುತ್ತ, ಅದರಿಂದ ಆಡು, ಆಡಿನಿಂದ ಹಸು, ಕೊನೆಗೆ ಮನೆ, ಮಡದಿ, ಮಗನವರೆಗೆ ಕನಸು ಕಟ್ಟಿ, ಆ ಭರದಲ್ಲಿ ಕಾಲು ಝಾಡಿಸಿ ಮಡಕೆಯನ್ನೇ ಒಡೆದನಷ್ಟೆ. ಗೇಬ್ರಿಯೆಲ್ ಓಟ್ಟಿಂಗೆನ್ ಎಂಬ ಜರ್ಮನಿಯ ವಿದುಷಿ ಮೈತೂಕ ಇಳಿಸಿಕೊಳ್ಳಲೆಳಸಿದ ಮಹಿಳೆಯರನ್ನು ಗಮನಿಸಿ 1991ರಲ್ಲಿ ಇಂಥದನ್ನೇ ಕಂಡರು. ತೂಕವಿಳಿದ ತಮ್ಮ ಅಂದವನ್ನು ಸುಖವಾಗಿ ಕಲ್ಪಿಸಿಕೊಳ್ಳುತ್ತಿದ್ದವರು ಕಡಿಮೆ ತೂಕ ಇಳಿಸಿಕೊಂಡಿದ್ದರು. ಆದುದರಿಂದ ಗುರಿಯನ್ನು ನೆನೆದೊಡನೆ ದಾರಿಯಲ್ಲಿರುವ ಅಡ್ಡಿಯನ್ನೂ ನೆನೆಯಬೇಕು. "ಮಗ ಪಾಸಾಗುತ್ತಾನೆ" ಎಂದಷ್ಟೇ ಹೇಳಿಕೊಳ್ಳುವುದರ ಬದಲು, "ಗಣಿತದಲ್ಲಿ ಹಿಂದಿದ್ದಾನೆ, ದಿನಕ್ಕೆ ಐದು ಲೆಕ್ಕ ಮಾಡಿಸೋಣ" ಎಂದರೆ ಅದು ಚಿಂತನೆ.

ಅತಿ ದುಸ್ಸಹವಾದ ಸ್ಥಿತಿಯಲ್ಲಿಯೂ ಮನಸ್ಸಿನ ದಿಕ್ಕನ್ನು ತಿರುಗಿಸಿದ ಒಬ್ಬರನ್ನು ಇಲ್ಲಿ ಸ್ಮರಿಸಬೇಕು. ಆಸ್ಟ್ರಿಯಾದ ವಿಯೆನ್ನಾ ನಗರದ ವೈದ್ಯ ವಿಕ್ಟರ್ ಫ್ರಾಂಕಲ್ ಯೆಹೂದ್ಯರೆಂಬ ಒಂದೇ ಕಾರಣದಿಂದ 1942ರಿಂದ 1945ರವರೆಗೆ ನಾಜಿಗಳ ಸೆರೆಶಿಬಿರಗಳಲ್ಲಿದ್ದರು. ತಂದೆ, ತಾಯಿ, ಸಹೋದರ, ಪತ್ನಿ ಎಲ್ಲರನ್ನೂ ಕಳೆದುಕೊಂಡರು. 1946ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅವರು ಒಂದು ದಿನದ ಸಂಗತಿಯನ್ನು ಹೇಳುತ್ತಾರೆ. ಕೊರೆಯುವ ಚಳಿಯಲ್ಲಿ, ಹುಣ್ಣಾದ ಕಾಲುಗಳಲ್ಲಿ, ಕೂಲಿಯ ಸ್ಥಳಕ್ಕೆ ನಡೆಯುತ್ತಿದ್ದಾಗ ಅವರ ಮನಸ್ಸೆಲ್ಲ ರಾತ್ರಿಯ ಊಟವೇನು, ಹರಿದ ಬೂಟಿಗೆ ದಾರವೆಲ್ಲಿ ಎಂಬುದರಲ್ಲೇ ಸುತ್ತುತ್ತಿತ್ತು. ಅದಕ್ಕೆ ತಾವೇ ಬೇಸತ್ತು ಅವರು ಮನಸ್ಸನ್ನು ಬಲವಂತವಾಗಿ ಬೇರೆಡೆಗೆ ತಿರುಗಿಸಿದರು. ಬೆಚ್ಚನೆಯ, ಬೆಳಕಿನ ಸಭಾಂಗಣವೊಂದರಲ್ಲಿ ನಿಂತು, ಸೆರೆಶಿಬಿರದ ಮನಶ್ಶಾಸ್ತ್ರ ಎಂಬ ವಿಷಯವಾಗಿ ತಾವು ಉಪನ್ಯಾಸ ಮಾಡುತ್ತಿರುವಂತೆ ಭಾವಿಸಿದರು. ಆಗ ಬಾಧಿಸುತ್ತಿದ್ದ ನೋವೇ ಅಭ್ಯಾಸದ ವಿಷಯವಾಗಿ ಎದುರಿಗೆ ನಿಂತಿತು. ಇದರಿಂದಲೇ ಅವರು ಬದುಕಿ ಬಂದರೆಂದು ಹೇಳಿದರೆ, ಬಾರದೆ ಹೋದ ಲಕ್ಷಾಂತರ ಜನರಿಗೆ ಅಪಚಾರವಾದೀತು. ಬದುಕಿರುವಷ್ಟು ಹೊತ್ತು ಮನಸ್ಸು ಪೂರ್ತಿಯಾಗಿ ಪರರ ಕೈವಶವಾಗದಂತೆ ನೋಡಿಕೊಂಡರೆಂದಷ್ಟೇ ಹೇಳಬಹುದು.

ಕೊನೆಯದಾಗಿ ಒಂದು ಮಾತು. ನಾನು ಹೇಳಿದ ಅಭ್ಯಾಸಗಳು ನಿತ್ಯದ ಚಿಂತೆಗೆ. ವಾರಗಟ್ಟಲೆ ನಿದ್ದೆಯಿಲ್ಲದೆ, ಊಟ ಸೇರದೆ, ಬದುಕೇ ಬೇಡವೆನ್ನಿಸುವಂತಿದ್ದರೆ ಅದು ಕಾಯಿಲೆ. ಜ್ವರ ಬಂದವನಿಗೆ "ಧೈರ್ಯವಾಗಿರು" ಎಂದರೆ ಜ್ವರ ಇಳಿಯುತ್ತದೆಯೆ? ಅಂಥವರನ್ನು ಗದರಿಸಬಾರದು, ಒಬ್ಬರನ್ನೇ ಬಿಡಬಾರದು, ವೈದ್ಯರ ಬಳಿಗೆ ಕರೆದೊಯ್ಯಬೇಕು. 2022ರ ಅಕ್ಟೋಬರಿನಲ್ಲಿ ಸರ್ಕಾರವು ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯನ್ನು ಆರಂಭಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಅದರ ಪ್ರಧಾನ ಕೇಂದ್ರ. ಸಂಖ್ಯೆ 14416. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆಯಬಹುದು, ಶುಲ್ಕವಿಲ್ಲ. ಇದನ್ನು ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ. ತಮಗೆ ಬೇಡವಾದರೂ ನೆರೆಮನೆಯವರಿಗೆ ಬೇಕಾದೀತು.

ಇನ್ನು ಆ ಕೋತಿಯ ವಿಷಯ. ಅದು ಬಾರದಿರಲಿ ಎಂದು ಬೇಡಿಕೊಳ್ಳುವುದರಲ್ಲಿ ಫಲವಿಲ್ಲ, ಬಂದೇ ಬರುತ್ತದೆ. ಬಂದರೆ ಬರಲಿ, ಮೂಲೆಯಲ್ಲಿ ಕುಳಿತಿರಲಿ. ನಾವು ಬಟ್ಟಲನ್ನೆತ್ತಿ ಔಷಧವನ್ನು ಕುಡಿದುಬಿಡೋಣ.