ಬಿಸಿಲನ್ನು ಕೊಳ್ಳಲೂ ಒಂದು ಜಮಾಅತ್ ಬೇಕು

(ಬನಶಂಕರಿಯ ಮಸೀದಿಯೊಂದರಲ್ಲಿ ಸ್ಥಳೀಯ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮದೀನಾದಲ್ಲಿ ರೂಮಾ ಎಂಬ ಬಾವಿಯಿತ್ತು. ಅದರ ನೀರಿಗೆ ಜನರು ಬೆಲೆ ತೆರಬೇಕಾಗಿತ್ತು. ಹಝ್ರತ್ ಉಸ್ಮಾನ್(ರ) ಆ ಬಾವಿಯನ್ನೇ ಖರೀದಿಸಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ಒಬ್ಬೊಬ್ಬರೂ ದಿನವೂ ಕೊಡ ಕೊಡವಾಗಿ ಕೊಳ್ಳುವುದಕ್ಕೂ, ಮೂಲವನ್ನೇ ಸಮುದಾಯದ ಕೈಗೆ ತರುವುದಕ್ಕೂ ಇರುವ ಅಂತರವನ್ನು ಈ ಘಟನೆ ಕಲಿಸುತ್ತದೆ. ಇಂದು ವಿದ್ಯುತ್ತಿನ ವಿಷಯದಲ್ಲಿ ನಾವು ಅದೇ ಪಾಠವನ್ನು ಓದಬೇಕಾಗಿದೆ.

2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ಪಿಎಂ ಸೂರ್ಯಘರ್ ಯೋಜನೆಯನ್ನು ಆರಂಭಿಸಿತು. ಮನೆಯ ಛಾವಣಿಯ ಮೇಲೆ ಮೂರು ಕಿಲೋವ್ಯಾಟ್‌ನ ಸೌರಫಲಕ ಅಳವಡಿಸಿದರೆ 78,000 ರೂಪಾಯಿ ಸಹಾಯಧನ ದೊರೆಯುತ್ತದೆ. ವಸತಿ ಸಮುಚ್ಚಯಗಳ ಸಂಘಗಳಿಗೆ ಲಿಫ್ಟ್, ನೀರಿನ ಪಂಪ್ ಮುಂತಾದ ಸಾಮಾನ್ಯ ಬಳಕೆಗಾಗಿ ಕಿಲೋವ್ಯಾಟ್‌ಗೆ 18,000 ರೂಪಾಯಿಯಂತೆ 500 ಕಿಲೋವ್ಯಾಟ್‌ವರೆಗೆ ನೆರವಿದೆ. ಮೂರು ಕಿಲೋವ್ಯಾಟ್‌ಗೆ ನೆರಳು ಬೀಳದ ಸುಮಾರು 300 ಚದರ ಅಡಿ ಜಾಗ ಸಾಕು. ಒಳ್ಳೆಯ ಬಿಸಿಲಿನ ದಿನ ಸುಮಾರು 12 ಯೂನಿಟ್ ಉತ್ಪಾದನೆಯಾಗುತ್ತದೆ.

ಆದರೆ ಯಾರಿಗೆ ಇದು ಅಗತ್ಯ? ಪ್ರಾಮಾಣಿಕವಾಗಿ ಹೇಳಬೇಕು. 2023ರಿಂದ ಗೃಹಜ್ಯೋತಿಯ ಅಡಿಯಲ್ಲಿ ಶೂನ್ಯ ಬಿಲ್ ಪಡೆಯುತ್ತಿರುವ ಮನೆಯವರು ಅವಸರಪಡಬೇಕಾಗಿಲ್ಲ. ತಿಂಗಳಿಗೆ 200 ಯೂನಿಟ್ ಮೀರುವ ಕೂಡುಕುಟುಂಬಗಳು ಮತ್ತು ವಸತಿ ಸಮುಚ್ಚಯಗಳು ಮೊದಲು ಮುಂದೆ ಬರಲಿ.

ಒಬ್ಬನೇ ಹೋದರೆ ಮಾರಾಟಗಾರ ಹೇಳಿದ್ದೇ ಬೆಲೆ. ಹತ್ತು ಮನೆಯವರು ಒಟ್ಟಾಗಿ ಹೋದರೆ ಅವನಿಗೆ ಗಿರಾಕಿ ಹುಡುಕುವ ಖರ್ಚು ಉಳಿಯುತ್ತದೆ. ಒಂದೇ ಲಾರಿ, ಒಂದೇ ಕೆಲಸಗಾರರ ತಂಡ ಹತ್ತು ಛಾವಣಿಗಳಿಗೆ ಸಾಕಾಗುತ್ತದೆ. ಆ ಉಳಿತಾಯದಲ್ಲಿ ಪಾಲು ಕೇಳುವ ಹಕ್ಕು ನಮಗಿದೆ. ಸಹಕಾರವು ಕನ್ನಡ ನಾಡಿಗೆ ಹೊಸತಲ್ಲ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೇ ಮನೆಮನೆಗೆ ವಿದ್ಯುತ್ ವಿತರಿಸಿದೆ.

ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆ ನನಗೆ ಗೊತ್ತು. 'ಮತ್ತೆ ಒಟ್ಟಾಗಿ ಹಣವೇ?' 2019ರಲ್ಲಿ ಐಎಂಎ ಕುಸಿದಾಗ ಈ ನಗರದ ಸಾವಿರಾರು ಮುಸ್ಲಿಮ್ ಕುಟುಂಬಗಳ ಉಳಿತಾಯ ಮುಳುಗಿತು. ಮಗಳ ಮದುವೆಗೆಂದು, ಹಜ್ಜ್‌ಗೆಂದು ಕೂಡಿಟ್ಟ ಹಣ ಅದು. ಹಲಾಲ್ ಲಾಭವೆಂಬ ಮಾತಿಗೆ ನಾವು ಲೆಕ್ಕ ಕೇಳದೆ ತಲೆಬಾಗಿದೆವು. ಸಾಲದ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿಗಳಿರಬೇಕು ಎಂಬ ಆದೇಶವು ಕುರ್‌ಆನಿನ ಅತಿ ದೀರ್ಘ ಸೂಕ್ತದಲ್ಲಿದೆ. ಅದನ್ನು ಪಾರಾಯಣ ಮಾಡಿದೆವು, ಪಾಲಿಸಲಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟೇ: ಚೌಕಾಸಿ ಒಟ್ಟಾಗಿರಲಿ, ಹಣ ಬೇರೆಯಾಗಿರಲಿ. ಪ್ರತಿ ಮನೆಯೂ ಹನ್ನೆರಡು ತಿಂಗಳ ಬಿಲ್‌ಗಳನ್ನು ತರಲಿ. ಯೋಜನೆಯಲ್ಲಿ ನೋಂದಾಯಿತರಾದ ಮೂವರು ಮಾರಾಟಗಾರರಿಂದ ಲಿಖಿತ ದರಪಟ್ಟಿ ಪಡೆಯೋಣ. ಅವನ್ನು ಎಲ್ಲರೆದುರು ಓದೋಣ. ಐದು ವರ್ಷಗಳ ನಿರ್ವಹಣೆಯ ಹೊಣೆ ಕರಾರಿನಲ್ಲಿರಲಿ. ಅರ್ಜಿ ಆಯಾ ಮನೆಯ ಹೆಸರಿನಲ್ಲಿ, ಪಾವತಿ ಆಯಾ ಮನೆಯ ಖಾತೆಯಿಂದ. ಸಮಿತಿಯ ಕೈಗೆ ಒಂದು ರೂಪಾಯಿಯೂ ಬರಬಾರದು.

ಬಡ್ಡಿಯ ಸಾಲ ಬೇಡವೆನ್ನುವ ಕುಟುಂಬಗಳಿವೆ. ಸಹಾಯಧನವು ಫಲಕ ಅಳವಡಿಕೆಯಾದ ನಂತರವೇ ಖಾತೆಗೆ ಬರುತ್ತದೆ. ಮೊದಲು ಪೂರ್ಣ ಹಣ ಹೊಂದಿಸಬೇಕು. ಈ ನಡುವಿನ ಅವಧಿಗೆ ಅನುಕೂಲಸ್ಥರು ಕರ್ಝೆ ಹಸನ ನೀಡಬಹುದು. ಕೊಡುವವನಿಗೆ ಲಾಭವಿಲ್ಲ, ಲಾಭದ ಆಮಿಷವೂ ಇಲ್ಲ. ಹಣ ಕೈಯಿಂದ ಕೈಗೆ, ಬರಹದೊಂದಿಗೆ, ಇಬ್ಬರು ಸಾಕ್ಷಿಗಳ ಮುಂದೆ ಸಾಗಲಿ. ಸಹಾಯಧನ ಬಂದ ದಿನವೇ ಆ ಮೊತ್ತ ಮರಳಲಿ. ಬಡವರ ಸಂಪಾದನೆಯ ರೀತಿಗೆ ಹೊಂದುವಂತೆ ಕಂತು ರೂಪಿಸಿದರೆ ಅವರೂ ಸೌರದೀಪ ಕೊಳ್ಳಬಲ್ಲರೆಂದು ನಮ್ಮ ನೆರೆಯ ಜೆ.ಪಿ. ನಗರದ ಸೆಲ್ಕೋ ಸಂಸ್ಥೆ 1995ರಿಂದ ತೋರಿಸಿದೆ. ಅದರ ಸ್ಥಾಪಕ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಇನ್ನು, ತಿಲಕನಗರ, ಗುರಪ್ಪನಪಾಳ್ಯ, ಯಾರಬ್ ನಗರಗಳ ಬಾಡಿಗೆದಾರರ ಗತಿಯೇನು? ಛಾವಣಿಯಿದ್ದವನಿಗೆ ಸಹಾಯಧನ, ಇಲ್ಲದವನಿಗೆ ಭಾಷಣ ಎಂಬಂತಾದರೆ ಅದು ನ್ಯಾಯವಲ್ಲ. ಒಂದೆಡೆ ಉತ್ಪಾದನೆಯಾದ ವಿದ್ಯುತ್ತನ್ನು ಹಲವು ಮನೆಗಳ ಬಿಲ್‌ಗಳಿಗೆ ಹಂಚುವ ನಿಯಮವನ್ನು ದೆಹಲಿ 2019ರಲ್ಲೇ ರೂಪಿಸಿತು. ಅಂಥ ಸೌಲಭ್ಯವು ಬೆಂಗಳೂರಿನ ಬಾಡಿಗೆ ಮನೆಯ ಬಾಗಿಲಿಗೂ ಸುಲಭವಾಗಿ ತಲುಪಬೇಕೆಂದು ಮತ ಕೇಳಲು ಬರುವವರನ್ನು ನಾವು ಕೇಳಬೇಕು. ಆ ಬೇಡಿಕೆಯಲ್ಲಿ ಪಕ್ಕದ ಬೀದಿಯ ಹಿಂದೂ, ಕ್ರೈಸ್ತ ನೆರೆಯವರೂ ನಮ್ಮ ಜೊತೆಗಿರಲಿ. ಖರೀದಿಯ ಹತ್ತು ಮನೆಗಳಲ್ಲಿ ಅವರ ಮನೆಗಳೂ ಇರಲಿ. ಬಿಸಿಲಿಗೆ ಮೊಹಲ್ಲಾಗಳ ಗಡಿಯಿಲ್ಲ.

ಕಳೆದುಹೋದ ಹಣಕ್ಕಿಂತ ಕಳೆದುಹೋದ ನಂಬಿಕೆಯನ್ನು ಗಳಿಸುವುದು ಕಷ್ಟ. ಹತ್ತು ಮನೆಗಳ ಲೆಕ್ಕವನ್ನು ಶುದ್ಧವಾಗಿ ಮುಗಿಸಿದರೆ, ಹನ್ನೊಂದನೆಯ ಮನೆ ತಾನಾಗಿಯೇ ಬರುತ್ತದೆ. ಇಂದು ಇಶಾ ನಮಾಝಿನ ಬಳಿಕ ಹೆಸರು ಬರೆಸುವವರು ಬಿಲ್‌ಗಳೊಂದಿಗೆ ಬನ್ನಿ, ಹಣ ತರಬೇಡಿ. ಅಲ್ಲಾಹನು ನಮ್ಮ ವ್ಯವಹಾರಗಳಲ್ಲಿ ಪ್ರಾಮಾಣಿಕತೆಯನ್ನು ಅನುಗ್ರಹಿಸಲಿ. ಆಮೀನ್.